ಚೆಂಡು ಯಾರ ಕೈಗೆ? ಇಬ್ಬರು ಗಾರ್ಡ್‌ಗಳನ್ನು ತೂಗುವ ಬಗೆ

ಚಡಚಣ, ಇಂಡಿ, ಸಿಂದಗಿ ಕಡೆ ಕಬಡ್ಡಿ ರೇಡರ್‌ನ ಕಾಲು ನೋಡಿಯೇ ‘ಈ ಹುಡುಗ ಮುಂದ ಬರ್ತಾನ’ ಅನ್ನುವ ಹಿರಿಯರು ಸಿಗುತ್ತಾರೆ. ಬ್ಯಾಸ್ಕೆಟ್‌ಬಾಲ್ ಗಾರ್ಡ್‌ನನ್ನು ಹಾಗೆ ಅಳೆಯುವ ಕಣ್ಣು ನಮ್ಮಲ್ಲಿ ಇನ್ನೂ ಪಳಗಿಲ್ಲ. ಶಾಲೆಯಲ್ಲಿ ಗಾರ್ಡ್ ಜಾಗಕ್ಕೆ ಇಬ್ಬರು ಹುಡುಗರು ಪೈಪೋಟಿಗಿದ್ದರೆ, ಹೆಚ್ಚು ಪಾಯಿಂಟ್ ಹೊಡೆದವನೇ ತಾಲೂಕು ತಂಡಕ್ಕೆ ಹೋಗುತ್ತಾನೆ.

ಗಾರ್ಡ್‌ನ ಕೆಲಸ ಪಾಯಿಂಟ್ ಹೊಡೆಯುವುದಷ್ಟೇ ಆಗಿದ್ದರೆ ಅದು ಸರಿಯೇ. ಆದರೆ ಅಂತರರಾಷ್ಟ್ರೀಯ ನಿಯಮದಂತೆ 28 ಮೀಟರ್ ಉದ್ದದ ಅಂಕಣದಲ್ಲಿ ತಂಡ 8 ಸೆಕೆಂಡಿನೊಳಗೆ ಚೆಂಡನ್ನು ನಡುಗೆರೆ ದಾಟಿಸಬೇಕು, 24 ಸೆಕೆಂಡಿನೊಳಗೆ ರಿಂಗ್‌ಗೆ ಎಸೆಯಬೇಕು. ಅಷ್ಟು ಹೊತ್ತಿನಲ್ಲಿ ಯಾರಿಗೆ ಕೊಡಲಿ, ಯಾವಾಗ ಕೊಡಲಿ, ಇಲ್ಲ ನಾನೇ ನುಗ್ಗಲೇ ಎಂದು ತೀರ್ಮಾನಿಸುವವನು ಗಾರ್ಡ್.

ಒಂದು ಪಂದ್ಯದ ಲೆಕ್ಕ ಹಿಡಿಯೋಣ. ಮೊದಲನೆಯ ಹುಡುಗ 20 ಸಲ ಎಸೆದು 18 ಪಾಯಿಂಟ್ ತಂದ, 6 ಸಲ ಚೆಂಡು ಕಳಕೊಂಡ. ಎರಡನೆಯವನು 8 ಸಲ ಎಸೆದು 10 ಪಾಯಿಂಟ್ ತಂದ, 2 ಸಲ ಕಳಕೊಂಡ. ಎಲ್ಲರ ಬಾಯಲ್ಲೂ 18ರದೇ ಮಾತು. ಆದರೆ ಅವನು ತಂಡದ 26 ಅವಕಾಶ ಖರ್ಚು ಮಾಡಿದ್ದಾನೆ. ಅವಕಾಶವೊಂದಕ್ಕೆ ಸುಮಾರು 0.7 ಪಾಯಿಂಟ್ ಬಿತ್ತು. ಎರಡನೆಯವನದು 10 ಅವಕಾಶಕ್ಕೆ 10.

ಹಾಗಂತ ಎರಡನೆಯವನೇ ಮೇಲು ಅಂದರೆ ಅದೂ ಅವಸರವೇ. ಉಳಿದ ನಾಲ್ವರಿಗೆ ಎಸೆಯಲು ಬಾರದ ತಂಡದಲ್ಲಿ ಮೊದಲನೆಯವನಿಗೆ ಬೇರೆ ದಾರಿ ಇರಲಿಕ್ಕಿಲ್ಲ. ಹೊರೆ ಹೆಚ್ಚಿದಷ್ಟೂ ಗುರಿ ತಪ್ಪುವುದೂ ಹೆಚ್ಚು. ಹಾಗಾಗಿ ಮುಂದಿನ ವಾರ ಪಾತ್ರ ಅದಲು ಬದಲು ಮಾಡಬೇಕು: ಎಸೆಯುವವನಿಗೆ ಚೆಂಡು ನಡೆಸಿ ಪಾಸ್ ಕೊಡುವ ಕೆಲಸ, ಪಾಸ್ ಕೊಡುವವನಿಗೆ ಎಸೆಯುವ ಕೆಲಸ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಅಮೆರಿಕದ ಆಟಗಾರ ಸ್ಟೀಫನ್ ಕರಿ ಕಾಲೇಜಿನಲ್ಲಿ ಹೀಗೇ ಪಾತ್ರ ಬದಲಿಸಿದವನು. ತೆಳ್ಳಗಿನ ಹುಡುಗ, ದೊಡ್ಡ ಕಾಲೇಜುಗಳು ಕಣ್ಣೆತ್ತಿ ನೋಡದ್ದರಿಂದ ಡೇವಿಡ್ಸನ್ ಎಂಬ ಸಣ್ಣ ಕಾಲೇಜು ಸೇರಿದ. 2008-09ರಲ್ಲಿ ಚೆಂಡು ನಡೆಸುವ ಹೊಣೆ ಅವನ ಮೇಲೆ ಬಿತ್ತು. ಅಸಿಸ್ಟ್‌ಗಳ (ಜೊತೆಗಾರನ ಪಾಯಿಂಟ್‌ಗೆ ದಾರಿ ಮಾಡಿದ ಪಾಸ್‌ಗಳ) ಸರಾಸರಿ 2.9ರಿಂದ 5.6ಕ್ಕೇರಿತು, ಜೊತೆಗೆ ಪಂದ್ಯಕ್ಕೆ 28.6 ಪಾಯಿಂಟ್ ಹೊಡೆದು ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಅಗ್ರ ವಿಭಾಗದಲ್ಲೇ ಮೊದಲಿಗನಾದ. ಆದರೂ ಅಲ್ಲಿನ ವೃತ್ತಿಪರ ಲೀಗ್ ಎನ್‌ಬಿಎಯ 2009ರ ಆಯ್ಕೆಯಲ್ಲಿ ಮಿನೆಸೋಟ ತಂಡ 5ನೇ ಮತ್ತು 6ನೇ ಸರದಿಯಲ್ಲಿ ರಿಕಿ ರುಬಿಯೊ, ಜಾನಿ ಫ್ಲಿನ್ ಎಂಬ ಇಬ್ಬರು ಗಾರ್ಡ್‌ಗಳನ್ನೇ ಎತ್ತಿಕೊಂಡು ಕರಿಯನ್ನು ಬಿಟ್ಟಿತು. 7ನೆಯವನಾಗಿ ಗೋಲ್ಡನ್ ಸ್ಟೇಟ್ ತಂಡ ಸೇರಿದ ಕರಿ 2015, 2016ರಲ್ಲಿ ಎನ್‌ಬಿಎಯ ಅತ್ಯುತ್ತಮ ಆಟಗಾರನಾದ. ಫ್ಲಿನ್‌ನ ಎನ್‌ಬಿಎ ಆಟ ಮೂರು ಋತುಗಳಲ್ಲಿ ಮುಗಿಯಿತು. ನಡುವೆ ಅವನ ಸೊಂಟಕ್ಕೆ ಶಸ್ತ್ರಚಿಕಿತ್ಸೆಯಾಗಿತ್ತು ಎಂಬುದನ್ನೂ ಹೇಳಲೇಬೇಕು. ಕರಿಗೂ ಕಾಲಿನ ಹರಡಿನ ತೊಂದರೆ ಕಡಿಮೆ ಇರಲಿಲ್ಲ.

ಇಂದಿನ ಕೌಶಲ ಒಂದು, ನಾಳೆಯ ಸಾಧ್ಯತೆ ಇನ್ನೊಂದು. ಸಾಧ್ಯತೆ ತಿಳಿಯಬೇಕಾದರೆ ಯಾವ ಕೊರತೆ ತುಂಬುತ್ತದೆ, ಯಾವುದು ತುಂಬುವುದು ಕಷ್ಟ ಎಂದು ವಿಂಗಡಿಸಬೇಕು. ಎಡಗೈ ಡ್ರಿಬಲ್ ಬಾರದಿದ್ದರೆ ಚಿಂತೆ ಬೇಡ, ಅಭ್ಯಾಸದಿಂದ ಬರುತ್ತದೆ. ಚೆಂಡನ್ನೇ ನೋಡುತ್ತ ಡ್ರಿಬಲ್ ಮಾಡುವ ಚಾಳಿಯೂ ಹೋಗುತ್ತದೆ. ಆದರೆ ಜೊತೆಗಾರ ಬಿಡುವಾಗುವ ಮೊದಲೇ ಆ ಜಾಗ ಕಾಣುವ ಗುಣ ಕಲಿಸಿದರೂ ಬೇಗ ಬರುವುದಿಲ್ಲ. ಅದು ಯಾರಲ್ಲಿದೆ ಎಂದು ಹುಡುಕಿ. ತೋಳಿನ ಉದ್ದವಂತೂ ಯಾರೂ ಕಲಿಸುವ ಸಂಗತಿಯಲ್ಲ. ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಲ್ಲಿಸಿ ಟೇಪಿನಿಂದ ಅಳೆದುಬಿಡಿ.

ಎಸೆತದ ವಿಷಯಕ್ಕೆ ಬಂದರೆ, ಶಾಲಾ ಪಂದ್ಯದಲ್ಲಿ ಬಿದ್ದ ಒಂದೆರಡು ಮೂರು-ಪಾಯಿಂಟ್ ನಂಬಬೇಡಿ. ಓಡಿಸಿ ದಣಿಸಿದ ಮೇಲೆ ಇಬ್ಬರಿಗೂ 50 ಫ್ರೀ ಥ್ರೋ ಹಾಕಿಸಿ. ಅಡ್ಡಿ ಮಾಡುವವರಿಲ್ಲದ, ದೂರ ಬದಲಾಗದ ಎಸೆತ ಅದು. ಕೈಯ ನಿಜವಾದ ಹದ ಅಲ್ಲೇ ಹೆಚ್ಚು ತಿಳಿಯುತ್ತದೆ.

ವಯಸ್ಸನ್ನೂ ಕೇಳಿ. ಒಂದೇ ತರಗತಿಯ ಇಬ್ಬರ ನಡುವೆ ಹತ್ತು ಹನ್ನೊಂದು ತಿಂಗಳ ಅಂತರ ಇರಬಹುದು. ಹದಿನಾಲ್ಕರ ಆಸುಪಾಸಿನಲ್ಲಿ ಅಷ್ಟರಲ್ಲೇ ಹುಡುಗ ಎದ್ದು ಕಾಣುವಷ್ಟು ಎತ್ತರ ಬೆಳೆದಿರಬಹುದು. (ಶಾಲಾ ದಾಖಲೆಯಲ್ಲಿ ಜೂನ್ 1ರಂದೇ ಹುಟ್ಟಿದವರು ನಮ್ಮ ಕಡೆ ಬಹಳ, ಅವ್ವನನ್ನು ಕೇಳುವುದು ವಾಸಿ.) ಮೈ ಬೇಗ ಬಲಿತವನು ತಾಲೂಕು ಮಟ್ಟದಲ್ಲಿ ಬಲದಿಂದಲೇ ಗೆಲ್ಲುತ್ತಾನೆ. ವಿಜಯಪುರ ಜಿಲ್ಲೆ ದಾಟಿ ಬೆಳಗಾವಿ ವಿಭಾಗಕ್ಕೆ ಹೋದಾಗ ಎದುರಿಗಿರುವವರೂ ಅಷ್ಟೇ ಗಟ್ಟಿಗರು.

ಒಂದೇ ರಿಂಗ್ ಇರುವ ಮೈದಾನವಾದರೆ ತಂಡಕ್ಕೆ ಮೂವರಂತೆ 3x3 ಆಡಿಸಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಮೊದಲ ಸಲ ಸೇರಿದ ಈ ಆಟಕ್ಕೆ ಅರ್ಧ ಅಂಕಣ ಸಾಕು. 10 ನಿಮಿಷ, ಇಲ್ಲವೇ ಯಾರಾದರೂ 21 ಪಾಯಿಂಟ್ ಮುಟ್ಟುವವರೆಗೆ ಆಟ. ಎಸೆಯಲು 12 ಸೆಕೆಂಡ್ ಮಾತ್ರ. ಜನ ಕಡಿಮೆ, ಹೀಗಾಗಿ ಇಬ್ಬರೂ ಗಾರ್ಡ್‌ಗಳಿಗೆ ಚೆಂಡು ಮತ್ತೆ ಮತ್ತೆ ಸಿಗುತ್ತದೆ. ಆಟದ ನಡುವೆ ಕೋಚ್ ಹೊರಗಿನಿಂದ ಹೇಳಿಕೊಡುವಂತಿಲ್ಲ ಎಂಬುದು ಇದರ ನಿಯಮ. ಪಿ.ಟಿ. ಮಾಸ್ತರರಿಗೆ ಸುಮ್ಮನಿರುವುದು ಕಷ್ಟವೇ, ಆದರೆ ಆ ಹತ್ತು ನಿಮಿಷ ಹಾಳೆ ಪೆನ್ನು ಹಿಡಿದು ಕೂತು, ಚೆಂಡು ಕಳಕೊಂಡ ಮರುಕ್ಷಣ ಯಾವನು ತಿರುಗಿ ಓಡಿದ, ಯಾವನು ತಲೆ ಕೆಳಗೆ ಹಾಕಿ ನಿಂತ ಎಂದು ಹೆಸರಿನ ಮುಂದೆ ಗುರುತು ಹಾಕುತ್ತ ಹೋಗಲಿ.