ಸೈನಿಕನಾದರೆ ಸಾಕೇ?

ಮಕ್ಕಳೇ, ಸೈನ್ಯದಲ್ಲಿ ದುಡಿದವರು ಒಳ್ಳೆಯ ಮಂತ್ರಿಯೂ ಆಗಬಲ್ಲರೇ?

ಲೋಕಸಭೆಗೆ ನಿಲ್ಲುವವರಿಗೆ 25 ವರ್ಷ ತುಂಬಿರಬೇಕು ಎನ್ನುವ ನಮ್ಮ ಸಂವಿಧಾನ ಸೈನ್ಯದ ಅನುಭವವನ್ನು ಕೇಳುವುದಿಲ್ಲ. ಕೊಡಗಿನ ಕೆ.ಎಂ. ಕಾರ್ಯಪ್ಪ 1949ರಲ್ಲಿ ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. 1971ರಲ್ಲಿ ಮುಂಬಯಿಯಿಂದ ಲೋಕಸಭೆಗೆ ನಿಂತು ಸೋತರು. ದಕ್ಷಿಣ ಕನ್ನಡದಲ್ಲಿ 2024ರಲ್ಲಿ ಮಾಜಿ ಸೇನಾಧಿಕಾರಿ ಬ್ರಿಜೇಶ್ ಚೌಟ ಗೆದ್ದರು. ಕಲಬುರಗಿ ಜಿಲ್ಲೆಯಿಂದ ಮುಖ್ಯಮಂತ್ರಿಗಳಾದ ವೀರೇಂದ್ರ ಪಾಟೀಲ, ಧರ್ಮಸಿಂಗ್ ಇಬ್ಬರೂ ಕಾನೂನು ಓದಿದವರು.

ಸೈನ್ಯ ಶಿಸ್ತು, ಧೈರ್ಯ ಕಲಿಸುತ್ತದೆ. ಆದರೆ ಅಲ್ಲಿ ಆಜ್ಞೆ ನಡೆಯುತ್ತದೆ. ರಾಜಕೀಯದಲ್ಲಿ ಒಪ್ಪದವರ ಮಾತನ್ನೂ ಕೇಳಿ, ತಿಳಿಹೇಳಿ ಒಪ್ಪಿಸಬೇಕು. ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವ ರೈತನಿಗೂ ಒಂದೇ ಮತ, ಸೇನಾಪತಿಗೂ ಒಂದೇ ಮತ.

ಸಮವಸ್ತ್ರಕ್ಕೆ ಗೌರವ ಕೊಡೋಣ. ಮತ ಮಾತ್ರ ಗುಣ ನೋಡಿ ಕೊಡಬೇಕು.