ಹಂಪಿಯ ಕಲ್ಲುಸೇತುವೆ ‘ಇಂದಿಗೂ ಗಟ್ಟಿ’ಯೇ? ಫಾರ್ವರ್ಡ್ ಮಾಡುವ ಮುನ್ನ ಓದಿ

ಮಳೆಗಾಲದಲ್ಲಿ ಎಲ್ಲಾದರೂ ಒಂದು ಸೇತುವೆ ಕುಸಿದರೆ ಸಾಕು, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಪಿಯ ಫೋಟೊ ಓಡಾಡಲು ಶುರುವಾಗುತ್ತದೆ. ತುಂಗಭದ್ರಾ ನದಿಯ ನಡುವೆ ಸಾಲಾಗಿ ನಿಂತ ಕಲ್ಲುಕಂಬಗಳು. ಜೊತೆಗಿರುವ ಬರಹದ ಸಾರಾಂಶ ಇಷ್ಟು: ಸಿಮೆಂಟ್ ಇಲ್ಲ, ಕಬ್ಬಿಣ ಇಲ್ಲ, ಆದರೂ ಹಿರಿಯರು ಕಟ್ಟಿದ ಸೇತುವೆ ಇಂದಿಗೂ ಗಟ್ಟಿ, ಈಗಿನವರು ಕಟ್ಟಿದ್ದು ಒಂದು ಮಳೆಗೂ ತಡೆಯುವುದಿಲ್ಲ.

ಇದರಲ್ಲಿ ಅರ್ಧ ನಿಜ. ಉಳಿದರ್ಧವನ್ನು ನಂಬಿದರೆ ಅಪಾಯ. ಅದರಲ್ಲೂ ಘಟಪ್ರಭಾ ನದಿಯ ದಂಡೆಯಲ್ಲಿರುವ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದವರು ಇದನ್ನು ತಿಳಿದಿರಬೇಕು.

ಫೋಟೊದಲ್ಲಿ ಇರುವುದೇನು?

ವಿಠ್ಠಲ ದೇವಾಲಯದ ಹತ್ತಿರ, ಪುರಂದರದಾಸರ ಮಂಟಪದ ಬಳಿ ನದಿಯಲ್ಲಿ ಈ ಕಂಬಗಳು ಕಾಣುತ್ತವೆ. ಇವು ವಿಜಯನಗರ ಕಾಲದ ಸೇತುವೆಯ ಅವಶೇಷ. ಇಲ್ಲಿಯವರೆಗೆ ಸಂದೇಶ ಸರಿ.

ಆದರೆ ಕೆಲವು ಸಂದೇಶಗಳಲ್ಲಿ ಫೋಟೊವೇ ಬೇರೆ ಇರುತ್ತದೆ. ವಿರೂಪಾಪುರ ಗಡ್ಡೆಯಲ್ಲೂ ಉದ್ದದ ಕಲ್ಲುಕಂಬಗಳ ಸಾಲಿದೆ. ಅದು ಸೇತುವೆಯಲ್ಲ, ನೀರು ಸಾಗಿಸುತ್ತಿದ್ದ ಮೇಲ್ಗಾಲುವೆ. ಬುಕ್ಕರಾಯನ ಹೆಸರಿನಲ್ಲಿ ಪ್ರಸಿದ್ಧವಾಗಿದೆ.

ನಿಂತಿರುವುದು ಸೇತುವೆಯೇ?

ಫೋಟೊವನ್ನು ದೊಡ್ಡದು ಮಾಡಿ ನೋಡಿ. ಕಂಬಗಳಿವೆ, ಆದರೆ ಜನ ನಡೆಯುತ್ತಿದ್ದ ಹಾಸುಗಲ್ಲಿನ ದಾರಿ ಇಲ್ಲ. ಅಂದರೆ ದಾಟುವ ಕೆಲಸಕ್ಕೆ ಬೇಕಾದ ಭಾಗವೇ ಹೋಗಿದೆ.

ಕಾರಣ ಕಲ್ಲಿನ ಗುಣದಲ್ಲೇ ಇದೆ. ಕಲ್ಲು ಮೇಲಿನಿಂದ ಬೀಳುವ ಭಾರವನ್ನು ಚೆನ್ನಾಗಿ ತಾಳುತ್ತದೆ, ಆದ್ದರಿಂದ ಕಂಬಕ್ಕೆ ಹೇಳಿ ಮಾಡಿಸಿದ ವಸ್ತು. ಆದರೆ ಅಡ್ಡಲಾಗಿ ತೊಲೆಯಂತೆ ಇಟ್ಟಾಗ ಅದರ ಕೆಳಭಾಗ ಎಳೆತಕ್ಕೆ ಸಿಗುತ್ತದೆ. ಎಳೆತ ತಾಳುವ ಶಕ್ತಿ ಕಲ್ಲಿಗೆ ಕಡಿಮೆ. ಹಾಗಾಗಿ ತೊಲೆ ಗಿಡ್ಡವಿರಬೇಕು, ಕಂಬಗಳು ಹತ್ತಿರ ಹತ್ತಿರ ಇರಬೇಕು. ಪ್ರವಾಹದಲ್ಲಿ ತೇಲಿಬರುವ ಮರ, ಕಸ ಈ ಕಂಬಗಳ ನಡುವೆ ಸಿಕ್ಕಿಕೊಂಡರೆ ನೀರಿಗೆ ದಾರಿ ಕಟ್ಟುತ್ತದೆ. ಆಗ ನೀರಿನ ಒತ್ತಡವೆಲ್ಲ ಸೇತುವೆಯ ಮೇಲೆ. ಇಂದಿನ ಕಾಂಕ್ರೀಟ್ ಒಳಗೆ ಕಬ್ಬಿಣದ ಸರಳು ಹಾಕುವುದು ಈ ಎಳೆತವನ್ನು ತಾಳಲೆಂದೇ.

ವಿಜಯನಗರದವರಿಗೂ ನದಿಯ ಸ್ವಭಾವ ಗೊತ್ತಿತ್ತು. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಜನ ಆನೆಗೊಂದಿಗೆ ದಾಟುತ್ತಿದ್ದದ್ದು ಬುಟ್ಟಿಯಂತಹ ದುಂಡನೆಯ ಹರಿಗೋಲುಗಳಲ್ಲಿ ಎಂದು ಬರೆದಿದ್ದಾನೆ. ಅಗತ್ಯಬಿದ್ದರೆ ದನ, ಕುದುರೆಗಳನ್ನೂ ಅದರಲ್ಲಿ ದಾಟಿಸಬಹುದಿತ್ತಂತೆ.

ಬಂಡೆಯ ಬದಲು ಜೌಗು ಇದ್ದರೆ?

ಹಂಪಿಯ ಕಂಬಗಳಿಗೆ ಇನ್ನೊಂದು ಅನುಕೂಲವಿತ್ತು. ಅಲ್ಲಿ ನದಿಯ ತಳವೇ ಬಂಡೆ. ಕಾಲಿಟ್ಟರೆ ಹೂತುಹೋಗುವ ಜೌಗು ನೆಲದಲ್ಲಿ ಏನು ಮಾಡುತ್ತಿದ್ದರು? ಉತ್ತರ ಡೆನ್ಮಾರ್ಕ್‌ನಲ್ಲಿ ಸಿಕ್ಕಿದೆ.

ಅಲ್ಲಿನ ರೌನಿಂಗ್ ಎಂಬಲ್ಲಿ ನದಿ ಬಯಲಿನ ಜೌಗಿನ ಮೇಲೆ ಸುಮಾರು ಕ್ರಿ.ಶ. 980ರಲ್ಲಿ 760 ಮೀಟರ್ ಉದ್ದ, 5 ಮೀಟರ್ ಅಗಲದ ಮರದ ಸೇತುವೆ ಕಟ್ಟಿದ್ದರು. ಸಾವಿರಕ್ಕೂ ಹೆಚ್ಚು ಓಕ್ ಮರದ ಕಂಬಗಳನ್ನು ಕೆಸರಿನಲ್ಲಿ ಹೂಳಲಾಗಿತ್ತು. ಆಗ ಅಲ್ಲಿ ಆಳುತ್ತಿದ್ದವನು ಹೆರಾಲ್ಡ್ ಬ್ಲೂಟೂತ್. ಹೌದು, ನಿಮ್ಮ ಫೋನಿನ ಬ್ಲೂಟೂತ್‌ಗೆ ಇದೇ ರಾಜನ ಹೆಸರಿಡಲಾಗಿದೆ.

ಹಸಿ ಕೆಸರಿನೊಳಗೆ ಗಾಳಿ ಆಡದ ಕಾರಣ ಕಂಬಗಳ ಬುಡ ಕೊಳೆಯದೆ ಉಳಿದಿತ್ತು. ಮರದೊಳಗಿನ ವರ್ಷದ ಉಂಗುರಗಳನ್ನು ಹೋಲಿಸಿ, ಅದನ್ನು ಯಾವಾಗ ಕಡಿದದ್ದು ಎಂದು ಸಂಶೋಧಕರು ಲೆಕ್ಕ ಹಾಕಿದರು. ಇನ್ನೊಂದು ವಿಷಯವೂ ತಿಳಿಯಿತು: ಸೇತುವೆಗೆ ದುರಸ್ತಿ ಮಾಡಿದ ಗುರುತೇ ಇಲ್ಲ. ಅಷ್ಟು ದೊಡ್ಡ ಸೇತುವೆ ಬಳಕೆಯಲ್ಲಿದ್ದದ್ದು ಕೆಲವೇ ವರ್ಷ. ಸಾವಿರ ವರ್ಷ ಬಾಳಿದ್ದು ನೆಲದಡಿಯ ಕಂಬದ ಬುಡ ಮಾತ್ರ.

ಉಳಿದದ್ದನ್ನಷ್ಟೇ ಎಣಿಸುವ ತಪ್ಪು

ಹಳೆಯದೆಲ್ಲ ಗಟ್ಟಿ ಎಂದು ಅನಿಸಲು ಒಂದು ಕಾರಣವಿದೆ. ಹಳೆಯ ಕಾಲದ ಸೇತುವೆಗಳಲ್ಲಿ ಕೊಚ್ಚಿಹೋದವು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅವುಗಳ ಫೋಟೊ ಯಾರ ಮೊಬೈಲ್‌ಗೂ ಬರುವುದಿಲ್ಲ. ಉಳಿದ ಕೆಲವನ್ನು ನೋಡಿ ಎಲ್ಲವೂ ಹಾಗೇ ಇದ್ದವು ಅಂದುಕೊಳ್ಳುತ್ತೇವೆ. ಹೊಸ ಸೇತುವೆಗಳಲ್ಲಿ ಬಿದ್ದದ್ದು ಸುದ್ದಿಯಾಗುತ್ತದೆ, ನಿಂತದ್ದು ಸುದ್ದಿಯಾಗುವುದಿಲ್ಲ.

ಹಾಗೆಂದು ಇಂದಿನ ತಪ್ಪುಗಳನ್ನು ಮುಚ್ಚಿಡಬೇಕಿಲ್ಲ. ಇದೇ ಆನೆಗೊಂದಿ ಬಳಿ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಸತ್ತರು. ಅಂಥ ಕಡೆ ಕೇಳಬೇಕಾದ ಪ್ರಶ್ನೆಗಳು ಬೇರೆ: ವಿನ್ಯಾಸ ಯಾರದು, ಗುಣಮಟ್ಟ ಪರೀಕ್ಷಿಸಿದವರು ಯಾರು, ಹೊಣೆ ಯಾರದು? ‘ಹಿರಿಯರ ಕಾಲವೇ ಚೆಂದ’ ಎಂಬ ಸಂದೇಶ ಈ ಪ್ರಶ್ನೆಗಳನ್ನು ಮರೆಸಿಬಿಡುತ್ತದೆ.

ನಾವು ನೆನಪಿಡಬೇಕಾದದ್ದು

2019ರ ಆಗಸ್ಟ್‌ನಲ್ಲಿ ಘಟಪ್ರಭಾ ನೀರು ಗೋಕಾಕ ಊರೊಳಗೇ ನುಗ್ಗಿದ್ದನ್ನು ನೋಡಿದ್ದೇವೆ. ನದಿ ತುಂಬಿದಾಗ ನಮ್ಮ ತಗ್ಗಿನ ಸೇತುವೆಗಳ ಮೇಲೆ ನೀರು ಹರಿಯುತ್ತದೆ. ‘ಹಳೇ ಸೇತುವೆ, ಏನೂ ಆಗಲ್ಲ ಬಿಡು’ ಎಂದು ಬೈಕ್ ಇಳಿಸುವವರು ಆಗಲೂ ಇರುತ್ತಾರೆ.

• ರಭಸದಿಂದ ಹರಿಯುವ ಅರ್ಧ ಅಡಿ ನೀರು ಮನುಷ್ಯನನ್ನು ಬೀಳಿಸಬಲ್ಲದು. ಒಂದು ಅಡಿ ನೀರು ಸಣ್ಣ ಕಾರನ್ನು, ಎರಡು ಅಡಿ ನೀರು ಬಹುತೇಕ ವಾಹನಗಳನ್ನು ತೇಲಿಸಬಲ್ಲದು.

• ನೀರು ಇಳಿದ ಕೂಡಲೇ ಸೇತುವೆ ಸುರಕ್ಷಿತವಲ್ಲ. ಪಾಯದ ಸುತ್ತಲಿನ ಮಣ್ಣು ಕೊರೆದುಹೋಗಿರಬಹುದು, ಮೇಲಿನಿಂದ ಅದು ಕಾಣುವುದಿಲ್ಲ. ಪರಿಶೀಲನೆ ಮುಗಿಯುವವರೆಗೆ ಕಾಯಿರಿ.

• ಎತ್ತಿನ ಗಾಡಿಯ ಕಾಲದಲ್ಲಿ ಕಟ್ಟಿದ ಸೇತುವೆಗೆ ಎರಡು ಟ್ರೇಲರ್ ಕಬ್ಬಿನ ಭಾರ ಬೇರೆಯೇ ಪರೀಕ್ಷೆ. ಭಾರದ ಮಿತಿಯ ಫಲಕವಿದ್ದರೆ ಪಾಲಿಸಿ.

ಹಂಪಿಯ ಕಂಬಗಳ ಫೋಟೊ ಹಂಚಿಕೊಳ್ಳಿ, ಅವು ಹೆಮ್ಮೆಪಡುವಂಥವೇ. ಜೊತೆಗೆ ಒಂದು ಸಾಲು ಸೇರಿಸಿ: ಕಂಬ ಉಳಿದಿದೆ, ದಾರಿ ಉಳಿದಿಲ್ಲ. ನೀರು ಹರಿಯುವ ಸೇತುವೆ ಹಳೆಯದಿರಲಿ, ಹೊಸದಿರಲಿ, ದಾಟಬೇಡಿ.