ಬೋರಿಗೆ ಬಂದ ಪಿಕಪ್

ಹಳೆಯ ಟಾಟಾ 207 ಡಿಐ ಪಿಕಪ್ಪಿನ ಎಂಜಿನ್ನಿಗೆ 497 ಎಂಬ ಸಂಖ್ಯೆ ಇದೆ. ನಾಲ್ಕು ಸಿಲಿಂಡರು, ಒಂದೊಂದರ ಒಳವ್ಯಾಸ, ಅಂದರೆ ಬೋರು, 97 ಮಿಲಿಮೀಟರ್. ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ 100 ಮಿಲಿಮೀಟರ್. ಲೆಕ್ಕ ಹಾಕಿದರೆ 2956 ಸಿಸಿ. 1988ರಲ್ಲಿ ಬಂದ ಟಾಟಾಮೊಬೈಲ್ ಪಿಕಪ್ಪಿನಲ್ಲಿದ್ದದ್ದು 483. ಮಹೀಂದ್ರಾ ಜೀಪುಗಳಲ್ಲಿ ಕೂತಿದ್ದ ಪ್ಯೂಜೋ ಎಂಜಿನ್ ಎಕ್ಸ್‌ಡಿಪಿ 4.90. ಮೂರರಲ್ಲೂ ಕೊನೆಯ ಎರಡು ಅಂಕಿಗಳು ಬೋರಿನ ಅಳತೆ. ರಾಯಚೂರು ಸೀಮೆಯ ದೇವದುರ್ಗ, ಮಾನ್ವಿ ಕಡೆ ವರ್ಷಗಟ್ಟಲೆ ಹತ್ತಿ, ನೆಲ್ಲು ಹೊತ್ತು ದುಡಿದ ಪಿಕಪ್ಪನ್ನು ಮನೆಯಂಗಳದಲ್ಲಿ ಬಿಚ್ಚಿ ಮತ್ತೆ ಕಟ್ಟಲು ಹೊರಟವರು ಮೊದಲು ನೋಡಬೇಕಾದದ್ದು ಇದನ್ನೇ. ಅಷ್ಟು ದುಡಿದ ಮೇಲೆ 97 ಎಂಬುದು 97 ಆಗಿ ಉಳಿದಿರುವುದಿಲ್ಲ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರುವುದಿಲ್ಲ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಉಪಾಯ ಇವತ್ತಿಗೂ ಅದೇ: ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕಾಯುತ್ತದೆ. 207ರಂಥ ಎಂಜಿನ್ನಿನಲ್ಲಿ ಗಾಳಿ ತನ್ನ ಗಾತ್ರದ ಹದಿನೇಳು ಹದಿನೆಂಟನೆಯ ಒಂದು ಭಾಗಕ್ಕೆ ಕುಗ್ಗುತ್ತದೆ, ಅದರ ಉಷ್ಣತೆ 500 ಡಿಗ್ರಿ ದಾಟುತ್ತದೆ. ಆ ಗಾಳಿಗೆ ಇಂಜೆಕ್ಟರ್ ಮಂಜಿನಂತೆ ಡೀಸೆಲ್ ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಒತ್ತಿದ ಗಾಳಿ ಪಿಸ್ಟನ್ ರಿಂಗುಗಳ ಸಂದಿನಿಂದ ಕೆಳಗೆ ಸೋರಿಹೋದರೆ ಆ ಬಿಸಿಯೇ ಬರುವುದಿಲ್ಲ. ಚಳಿಗಾಲದ ಬೆಳಿಗ್ಗೆ ಹಳೆಯ ಗಾಡಿಯನ್ನು ನಾಲ್ಕು ಜನ ನೂಕಬೇಕಾಗುವುದು ಎಷ್ಟೋ ಸಲ ಬ್ಯಾಟರಿಯಿಂದಲ್ಲ, ಈ ಸೋರಿಕೆಯಿಂದ.

“ಗಾಡಿ ಆಯಿಲ್ ತಿನ್ನಾಕತ್ತದರೀ” ಎಂದು ಹೇಳಿದರೆ ಅನುಭವವಿರುವ ಮಿಸ್ತ್ರಿ ಎಂಜಿನ್ ಚಾಲೂ ಇರುವಾಗಲೇ ಆಯಿಲ್ ಹಾಕುವ ಮುಚ್ಚಳವನ್ನು ಬಿಚ್ಚುತ್ತಾನೆ. ಅಲ್ಲಿಂದ ಹೊಗೆ ಬುಸುಬುಸು ಬಂದರೆ ರಿಂಗು, ಬೋರು ಸವೆದಿವೆ. ಹಿಂದೆ ಸೈಲೆನ್ಸರಿನಲ್ಲಿ ನೀಲಿ ಹೊಗೆಯೂ ಇದ್ದರೆ ಹೆಡ್ ಬಿಚ್ಚಿ ನೋಡುವ ಕಾಲ ಬಂದಂತೆ.

ಹೆಡ್ ತೆಗೆದ ಮೇಲೆ ಸಿಲಿಂಡರಿನ ಮೇಲಂಚಿಗೆ ಉಗುರು ತಾಗಿಸಿ ಕೆಳಗೆ ಎಳೆದರೆ ಒಂದು ಮೆಟ್ಟಿಲು ಸಿಗುತ್ತದೆ. ಮೆಟ್ಟಿಲಿನ ಮೇಲಿರುವುದು ಹೊಸತಿದ್ದಾಗಿನ ಲೋಹ, ರಿಂಗು ಅಲ್ಲಿಗೆ ಮುಟ್ಟುವುದಿಲ್ಲ. ಅದರ ಕೆಳಗೇ ಸವೆತ ಎಲ್ಲಕ್ಕಿಂತ ಹೆಚ್ಚು. ಪಿಸ್ಟನ್ ನಡುವಿನಲ್ಲಿ ವೇಗವಾಗಿ ಓಡುವಾಗ ರಿಂಗು ಆಯಿಲಿನ ತೆಳು ಪದರದ ಮೇಲೆ ತೇಲುತ್ತದೆ. ತುದಿ ಮುಟ್ಟಿ ತಿರುಗುವ ಗಳಿಗೆಯಲ್ಲಿ ಅದು ಪೂರ್ತಿ ನಿಲ್ಲುತ್ತದೆ, ಪದರ ಹರಿಯುತ್ತದೆ, ಲೋಹಕ್ಕೆ ಲೋಹ ಉಜ್ಜುತ್ತದೆ. ಉರಿಯುವ ಡೀಸೆಲಿನ ಒತ್ತಡವೂ ಸರಿಯಾಗಿ ಅದೇ ಜಾಗದಲ್ಲಿ ರಿಂಗನ್ನು ಗೋಡೆಗೆ ಅದುಮುತ್ತದೆ. ಹೀಗಾಗಿ ಬೋರು ಮೇಲೆ ಅಗಲ, ಕೆಳಗೆ ಕಿರಿದು ಆಗುತ್ತದೆ. ಕಣ್ಣಿಗೆ ಏನೂ ಕಾಣದು. ಡಯಲ್ ಗೇಜ್ ಇಳಿಸಿ ಮೇಲೆ, ನಡುವೆ, ಕೆಳಗೆ ಅಳೆದು, ಗೇಜನ್ನು ಅಡ್ಡ ತಿರುಗಿಸಿ ಮತ್ತೊಮ್ಮೆ ಅಳೆದರೇ ನಿಜ ಗೊತ್ತಾಗುವುದು.

ಈ ಸವೆತಕ್ಕೆ ನಮ್ಮ ಸೀಮೆ ಬೇಕಾದಷ್ಟು ನೆರವಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಮಾನ್ವಿಯಲ್ಲಿ, ನಾರಾಯಣಪುರ ಬಲದಂಡೆ ಕಾಲುವೆಯಿಂದ ದೇವದುರ್ಗದಲ್ಲಿ ಭತ್ತ ಬೆಳೆಯುತ್ತದೆ. ಭತ್ತದ ಹೊಟ್ಟನ್ನು ಸುಟ್ಟರೆ ತೂಕದಲ್ಲಿ ಐದನೆಯ ಒಂದು ಪಾಲಿನಷ್ಟು ಬೂದಿ ಉಳಿಯುತ್ತದೆ, ಆ ಬೂದಿ ಬಹುಪಾಲು ಸಿಲಿಕಾ. ರಸ್ತೆಯ ಧೂಳಿನಲ್ಲಿ ಗ್ರಾನೈಟ್ ಪುಡಿಯಾಗಿ ಹುಟ್ಟಿದ ಸಿಲಿಕಾ ಇದೆ. 1985ರಿಂದ ನಡೆಯುತ್ತಿರುವ ಶಕ್ತಿನಗರದ ಶಾಖೋತ್ಪನ್ನ ಸ್ಥಾವರದ ಹಾರುಬೂದಿಯಲ್ಲೂ ಅದೇ. ಎಂಜಿನ್ ಬ್ಲಾಕಿನ ಎರಕದ ಕಬ್ಬಿಣಕ್ಕಿಂತ ಗಟ್ಟಿಯಾದ ಕಣಗಳಿವು. ಏರ್ ಫಿಲ್ಟರಿನ ಪೈಪಿನಲ್ಲಿ ಒಂದು ಬಿರುಕು, ಕ್ಲಿಪ್ಪು ಸಡಿಲ, ಇಷ್ಟಿದ್ದರೆ ಸಾಕು, ಧೂಳು ನೇರ ರಿಂಗಿನ ಮೇಲೆ ಕೂರುತ್ತದೆ. ಹೊಸ ಪಿಸ್ಟನ್ನಿಗೆ ಹಣ ಸುರಿದು ಹಳೆಯ ರಬ್ಬರ್ ಪೈಪನ್ನೇ ಮತ್ತೆ ಸಿಕ್ಕಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಬಿಚ್ಚುವುದು, ತೊಳೆಯುವುದು, ಜೋಡಿಸುವುದು ಮನೆಯಲ್ಲಿ ಆಗುವ ಕೆಲಸ. ಮೂರು ಕಾಲಿನ ಕಂಬಕ್ಕೆ ಚೈನ್ ಬ್ಲಾಕ್ ಕಟ್ಟಿದರೆ ಎಂಜಿನ್ ಇಳಿಯುತ್ತದೆ. ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಮಾತ್ರ ಯಂತ್ರದ ಕೆಲಸ, ಬ್ಲಾಕು ರಾಯಚೂರಿನಂಥ ಊರಿಗೆ ಹೋಗಲೇಬೇಕು. ಹಳೆಯ ಎಂಜಿನ್ನು ರೂಪಿಸಿದವರ ಮೇಲೆ ನನಗೆ ಗೌರವ ಹುಟ್ಟುವುದು ಇಲ್ಲಿ. ಒಂದಲ್ಲ ಒಂದು ದಿನ ಇದು ಸವೆಯುತ್ತದೆ, ಯಾರೋ ಇದನ್ನು ಬಿಚ್ಚುತ್ತಾರೆ ಎಂದು ಎಣಿಸಿಯೇ ಅವರು ಲೋಹವನ್ನು ದಪ್ಪವಾಗಿ ಬಿಟ್ಟಿದ್ದಾರೆ. ಸಿಲಿಂಡರಿನೊಳಗೆ ಲೈನರ್ ಕೊಳವೆ ಇದ್ದರೆ ಅದನ್ನೇ ಬದಲಿಸಬಹುದು, ಇಲ್ಲದಿದ್ದರೆ ಬೋರನ್ನು ಅಗಲಿಸಿ ದೊಡ್ಡ ಪಿಸ್ಟನ್ ಕೂರಿಸಬಹುದು. ಕ್ರ್ಯಾಂಕನ್ನು ಕಾಲು ಮಿಲಿಮೀಟರ್, ಅರ್ಧ ಮಿಲಿಮೀಟರ್ ಸಾಣೆ ಹಿಡಿದು ಅದಕ್ಕೆ ತಕ್ಕಷ್ಟು ದಪ್ಪ ಹೆಚ್ಚಿರುವ ಬೇರಿಂಗ್ ಹಾಕಬಹುದು. ಬೋರಿಂಗ್ ಆದ ಮೇಲೆ ಹೋನಿಂಗ್ ಕಲ್ಲಿನಿಂದ ಸಿಲಿಂಡರಿನ ಗೋಡೆಯ ಮೇಲೆ ಓರೆಯಾದ ಗೀರುಗಳನ್ನು ಎಳೆಯುತ್ತಾರೆ. ಗೋಡೆ ಕನ್ನಡಿಯಷ್ಟು ನುಣುಪಾದರೆ ಆಯಿಲ್ ನಿಲ್ಲುವುದಿಲ್ಲ, ಗೀರುಗಳಲ್ಲಿ ಅದು ಹಿಡಿದುಕೊಳ್ಳುತ್ತದೆ. ಮನೆಗೆ ತಂದ ಬ್ಲಾಕನ್ನು ಬಿಸಿನೀರು, ಸೋಪು ಹಾಕಿ ತಿಕ್ಕಿ ತೊಳೆಯಬೇಕು. ಬರೀ ಡೀಸೆಲಿನಲ್ಲಿ ಒರೆಸಿದರೆ ಕಲ್ಲಿನ ಪುಡಿ ಗೀರುಗಳಲ್ಲೇ ಉಳಿಯುತ್ತದೆ. ಬಿಳಿ ಬಟ್ಟೆ ಆಡಿಸಿದರೆ ಬಿಳಿಯಾಗಿಯೇ ಬರಬೇಕು. ತೊಳೆದ ತಕ್ಷಣ ಒಣಗಿಸಿ ಆಯಿಲ್ ಸವರದಿದ್ದರೆ ತುಕ್ಕು ಹಿಡಿಯುತ್ತದೆ.

ಇನ್ನು ರೇಡಿಯೇಟರು. ನೀರು 90 ಡಿಗ್ರಿಯಲ್ಲಿದ್ದು ಹೊರಗಿನ ಗಾಳಿ 25 ಡಿಗ್ರಿ ಇದ್ದರೆ ಅಂತರ 65. ರಾಯಚೂರಿನ ಮೇ ತಿಂಗಳಲ್ಲಿ ಗಾಳಿ 43ಕ್ಕೆ ಏರಿದರೆ ಅಂತರ 47. ಶಾಖ ಹೊರಹೋಗುವುದು ಈ ಅಂತರಕ್ಕೆ ತಕ್ಕಂತೆ, ಅಂದರೆ ಕಾಲು ಭಾಗಕ್ಕೂ ಹೆಚ್ಚು ಶಕ್ತಿ ಬರೀ ಬಿಸಿಲಿಗೇ ಹೋಯಿತು. ಅದರ ಮೇಲೆ ಹತ್ತಿ ಹೇರುವ ಗಾಡಿಯ ಜಾಲರಿಗೆ ಅರಳೆ ಮೆತ್ತಿಕೊಂಡಿರುತ್ತದೆ. ಒಳಗೆ ಬೋರ್‌ವೆಲ್ಲಿನ ಗಡಸು ನೀರು ಸುಣ್ಣದ ಪದರ ಕಟ್ಟಿರುತ್ತದೆ. ಕಬ್ಬಿಣಕ್ಕೆ ಹೋಲಿಸಿದರೆ ಆ ಪದರದಲ್ಲಿ ಶಾಖ ಸುಮಾರು ಇಪ್ಪತ್ತು ಪಟ್ಟು ನಿಧಾನವಾಗಿ ಸಾಗುತ್ತದೆ. ಡಿಸ್ಟಿಲ್ಡ್ ನೀರಿಗೆ ಕೂಲಂಟ್ ಬೆರೆಸಿ ಹಾಕುವ ಖರ್ಚು ಹೆಡ್ ಗ್ಯಾಸ್ಕೆಟ್ ಸುಟ್ಟಾಗಿನ ಖರ್ಚಿನ ಮುಂದೆ ಏನೂ ಅಲ್ಲ.

ಎಂಜಿನ್ ಹೊಸತಾದ ಉಮೇದಿನಲ್ಲಿ ಹಿಂದಿನ ಕಮಾನಿಗೆ ಎರಡು ಪಟ್ಟಿ ಸೇರಿಸಿ, ಸರಕು ತುಂಬುವ ಡಾಲಾ ಎತ್ತರಿಸುವವರಿದ್ದಾರೆ. ಹತ್ತಿಗೆ ಜಾಗ ಬೇಕು ಎಂಬುದು ನಿಜ. ಆದರೆ ಅದೇ ಡಾಲಾಕ್ಕೆ ನೆಲ್ಲು ತುಂಬಿದರೆ ಒಂದು ಘನ ಮೀಟರಿಗೆ 550ರಿಂದ 600 ಕಿಲೋ. ಎಂಟು ಪಟ್ಟಿಯ ಕಮಾನು ಹತ್ತಾದರೆ ಸುಮಾರು ಕಾಲು ಭಾಗ ಗಡುಸಾಗುತ್ತದೆ, ಆದರೆ ಬ್ರೇಕ್ ಡ್ರಮ್ಮು, ಆಕ್ಸಲ್ಲು, ಚಾಸಿ ಅವೇ ಹಳೆಯವು. ಗಾಡಿ ಕೂರುವುದಿಲ್ಲವಾದ್ದರಿಂದ ಭಾರ ಹೆಚ್ಚಾದದ್ದು ಡ್ರೈವರಿಗೆ ತಿಳಿಯುವುದೂ ಇಲ್ಲ. ಕಾನೂನೂ ಇದನ್ನು ಒಪ್ಪುವುದಿಲ್ಲ: ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಸಲ್ಲದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿ ಪ್ರತಿ ವರ್ಷ ಫಿಟ್‌ನೆಸ್ ಪರೀಕ್ಷೆಗೆ ನಿಲ್ಲಬೇಕು. ಕಮಾನಿನ ದುಡ್ಡನ್ನು ಬ್ರೇಕ್ ಲೈನರ್, ವೀಲ್ ಸಿಲಿಂಡರುಗಳಿಗೆ ಹಾಕಿ ಎಂದೇ ನಾನು ಹೇಳುವುದು.

ಕಟ್ಟಿದ ಎಂಜಿನ್ನನ್ನು ನಿಂತಲ್ಲೇ ತಾಸುಗಟ್ಟಲೆ ಸಣ್ಣಗೆ ಓಡಿಸುವ ರೂಢಿ ಕೆಲವರಿಗಿದೆ, ಅದು ತಪ್ಪು. ಭಾರವಿಲ್ಲದಿದ್ದರೆ ರಿಂಗಿನ ಹಿಂದೆ ಒತ್ತಡ ಹುಟ್ಟುವುದಿಲ್ಲ, ಗೀರುಗಳ ಮೇಲೆ ಆಯಿಲ್ ಸುಟ್ಟು ಹೊಳಪು ಕಟ್ಟುತ್ತದೆ, ರಿಂಗು ಕೂರುವುದೇ ಇಲ್ಲ. ಅರ್ಧ ಲೋಡ್ ಹಾಕಿ, ವೇಗ ಏರಿಸುತ್ತಾ ಇಳಿಸುತ್ತಾ ಮಾನ್ವಿಯಿಂದ ರಾಯಚೂರಿಗೆ ಹೋಗಿ ಬರುವುದು ಮೇಲು. ಮೊದಲ ಆಯಿಲನ್ನು ಬೇಗ ಇಳಿಸಿ ಅದರಲ್ಲಿ ಅಯಸ್ಕಾಂತ ಆಡಿಸಿ ನೋಡಬೇಕು. ಬೂದುಬಣ್ಣದ ನುಣ್ಣನೆ ಪುಡಿ ಅಂಟಿದರೆ ರಿಂಗು ಕೂರುತ್ತಿವೆ. ಚೂರುಗಳು ಸಿಕ್ಕರೆ ಗಾಡಿ ನಿಲ್ಲಿಸಿ ಸಂಪ್ ಬಿಚ್ಚಬೇಕು.